ಅಮ್ಮನ ಸರದಿ

ಎಡಗಾಲು ಮುಂದೆ, ಬಲಗಾಲು ಹಿಂದೆ, ಅಮ್ಮನ ಚಪ್ಪಲಿಯ ಬಾರು ಸಡಿಲವಾಗಿದೆ, ಬಿದ್ದುಗಿದ್ದರೆ ಏನು ಗತಿ, ಹೋಗಿ ಸರಿಮಾಡಬೇಕು, ಏಳಲಾರೆ — ಎದ್ದರೆ ಇವಳ ಮಗ ನಾನೇ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಎಪ್ಪತ್ತೆಂಟರ ಮುದುಕಿ ಸೊಂಟ ಕುಣಿಸುತ್ತಿದ್ದಾಳೆ, ಕಿಟಕಿಯಾಚೆ ರಸ್ತೆ, ಬಟ್ಟೆ ಹೊಲಿಸುವ ನನ್ನ ಗಿರಾಕಿಗಳು ಯಾರಾದರೂ ಕಂಡರೆ ಮಾನ ಹರಾಜು. ಮರೆವಿನ ಕಾಯಿಲೆಗೆ ಕುಣಿತವಂತೆ, ಡಾಕ್ಟರು ಹೇಳಿದಾಗ ನಕ್ಕಿದ್ದೆ, ಔಷಧಿ ಇಲ್ಲ ಅಂತ ನೇರವಾಗಿ ಹೇಳಬಾರದೇ. ಆದರೂ ಈ ಕುಣಿತದ ತರಗತಿಗೆ ಬಂದು ಇದು ಮೂರನೇ ವಾರ, ನನ್ನ ಹೆಸರೇ ಮರೆತ ಅಮ್ಮ ಪಕ್ಕದವರ ಕೈ ತಾನಾಗಿ ಹಿಡಿದಿದ್ದಾಳೆ, ಆತ ಹಿಂದೆ ಬಸ್ ಡ್ರೈವರ್ ಆಗಿದ್ದವರು, ಹೋದ ವಾರ ಯಾಕೆ ಬರ್ಲಿಲ್ಲ ನೀವು, ಅಮ್ಮ ಕೇಳುತ್ತಾಳೆ, ಬಂದಿದ್ನಲ್ಲಮ್ಮಾ, ನಿಮ್ಮ ಪಕ್ಕದಲ್ಲೇ ಇದ್ದೆ, ಹೌದಾ, ಹೌದೋ ಅಲ್ವೋ ನನಗೂ ಸರಿಯಾಗಿ ಗೊತ್ತಿಲ್ಲ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಎರಡು ವರ್ಷದಿಂದ ಮನೆಯಲ್ಲಿ ಈ ನಗು ಕೇಳಿಲ್ಲ.

ಈಗ ಒಬ್ಬೊಬ್ಬರೂ ದಿನಾ ಮಾಡೋ ಕೆಲಸ ಕೈಯಲ್ಲಿ ತೋರಿಸಿ, ನಾವೆಲ್ಲ ಅದನ್ನೇ ಕುಣಿಯೋಣ, ಕುಣಿತ ಕಲಿಸುವಾಕೆ ಹೇಳುತ್ತಾಳೆ, ಡ್ರೈವರ್ ಸ್ಟೇರಿಂಗ್ ತಿರುಗಿಸುತ್ತಾರೆ, ಹನ್ನೆರಡು ಜನ ತಿರುಗಿಸುತ್ತಾರೆ, ಅಮ್ಮನ ಸರದಿ, ಕತ್ತರಿ ಆಡಿಸುತ್ತಾಳೆ ಬಿಡು, ನನಗೆ ಹೊಲಿಗೆ ಕಲಿಸಿದವಳೇ ಅವಳು — ಇಲ್ಲ, ಮುಷ್ಟಿ ಕಟ್ಟಿದಳು, ಗಾಳಿಯಲ್ಲಿ ತಟ್ಟಿದಳು, ಮೂರು ಸಲ, ತಡೆದು, ಮತ್ತೆ ಮೂರು ಸಲ. ಇದೇನಮ್ಮಾ, ಕಲಿಸುವಾಕೆ ಕೇಳುತ್ತಾಳೆ, ದಿನಾ ಮಾಡ್ತೀನಲ್ಲ, ಆಹಾ ಚೆನ್ನಾಗಿದೆ, ಎಲ್ಲರೂ ಮಾಡಿ, ಹನ್ನೆರಡು ಮುಷ್ಟಿಗಳು ತಾಳಕ್ಕೆ ತಟ್ಟುತ್ತವೆ, ಎಲ್ಲರಿಗೂ ನಗು, ಅದು ಏನೆಂದು ನನಗೊಬ್ಬನಿಗೇ ಗೊತ್ತು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ, ಬಂದವರನ್ನೆಲ್ಲ ನೀವ್ಯಾರು ನೀವ್ಯಾರು ಎಂದು ಕೇಳುತ್ತಿದ್ದಳು, ಕಚ್ಚಾ ಹೊಲಿಗೆಗಳನ್ನು ಬಿಚ್ಚಿಹಾಕುತ್ತಿದ್ದಳು, ಅವಳ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸಿದೆ, ಒಂದು ಗಂಟೆ ಮಾತ್ರ ಅಂದುಕೊಂಡೆ, ಆಮೇಲೆ ಅಂಗಡಿ ಮುಚ್ಚುವವರೆಗೂ, ಅವಳು ಬಾಗಿಲು ತಟ್ಟಿದರೆ ಮಷೀನು ಜೋರಾಗಿ ತುಳಿಯುತ್ತಿದ್ದೆ, ಅದೇನ್ರಿ ಸದ್ದು, ಗಿರಾಕಿಗಳು ಕೇಳಿದರೆ, ಪಕ್ಕದ ಮನೇಲಿ ರಿಪೇರಿ, ಛೀ, ಎಂಥ ಬಾಯಿ ನನ್ನದು. ನಾಚಿಕೆಯಾಗಬೇಕಿದ್ದದ್ದು ಅವಳ ಕುಣಿತಕ್ಕಲ್ಲ.

ನೀವೂ ಬನ್ನಿ, ಒಬ್ಬರೇ ಯಾಕೆ ಕೂತಿದ್ದೀರಿ, ಡ್ರೈವರ್ ಜಾಗ ಬಿಡುತ್ತಾರೆ, ಕಾಲುಗಳು ಹೇಗೋ ಎದ್ದಿವೆ, ಅಮ್ಮ ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಾಳೆ, ಹೊಸಬರಿಗೆ ಕಲಿಸುವ ಪ್ರೀತಿ, ಹಂಗಲ್ಲ, ಮೆತ್ತಗೆ ತಟ್ಟಿ, ಜೋರಾಗಿ ತಟ್ಟಿದ್ರೆ ಅವನಿಗೆ ಕೋಪ ಬರುತ್ತೆ — ಮೂರು ಸಲ, ಆಮೇಲೆ ಕಾಯಬೇಕು, ಅಮ್ಮನ ಮುಷ್ಟಿ ಗಾಳಿಯಲ್ಲಿ, ಕಾಯುತ್ತಾ, ಮತ್ತೆ ಮೂರು ಸಲ, ಮೆತ್ತಗೆ, ಅಮ್ಮನ ಮುಷ್ಟಿ, ಪಕ್ಕದಲ್ಲಿ ನನ್ನದು.