ನಿಲ್ಲುವಂತಿಲ್ಲದ ರಸ್ತೆ

ಬಿಸ್ಕತ್ತು ಕಾರ್ಖಾನೆಯ ಹೆಂಗಸರು ಕೇಳಿದ್ದು ಸ್ಟೂಲುಗಳನ್ನು, ಚಂದ್ರನನ್ನೇನೂ ಅಲ್ಲ. ಪ್ಯಾಕಿಂಗ್ ಮೇಜಿನ ಮುಂದೆ ಪಾಳಿಯುದ್ದಕ್ಕೂ ನಿಂತೇ ಕೆಲಸ ಮಾಡಿ ಸಂಜೆಯ ಹೊತ್ತಿಗೆ ಅವರ ಕಾಲುಗಳು ಊದಿಕೊಳ್ಳುತ್ತಿದ್ದವು. ಕೂತು ಪ್ಯಾಕ್ ಮಾಡಿದರೆ ಬಿಸ್ಕತ್ತಿನ ರುಚಿ ಕೆಡುತ್ತದೆಯೇ ಎಂದು ಅವರು ಕೇಳಿದರು. ಕೂತವರಿಗೆ ನಿದ್ದೆ ಹತ್ತುತ್ತದೆ ಎಂದು ಆಡಳಿತದವರು ಹೇಳಿದರು. ಮಾತಿಗೆ ಮಾತು ಬೆಳೆದು ಹೆಂಗಸರು ಕೆಲಸ ಬಿಟ್ಟು ಗೇಟಿನ ಮುಂದೆ ಬಂದು ನಿಂತರು. ಎಷ್ಟೋ ವರ್ಷದಿಂದ ಆ ರಸ್ತೆಯ ಗುಂಡಿ ಮುಚ್ಚದ ನಗರಸಭೆಗೆ ಆಗ ಥಟ್ಟನೆ ಎಚ್ಚರವಾಯಿತು. ಕಾರ್ಖಾನೆಗಳ ಗೇಟಿನ ಮುಂದೆ ಯಾರೂ ಗುಂಪಾಗಿ ನಿಲ್ಲುವಂತಿಲ್ಲ ಎಂಬ ನಿಯಮ ಹೊರಟಿತು.

"ಒಳಗೆ ಕೂರೋ ಹಾಗಿಲ್ಲ, ಹೊರಗೆ ನಿಲ್ಲೋ ಹಾಗಿಲ್ಲ. ಇನ್ನು ಉಳಿದಿರೋದು ನಡೆಯೋದೊಂದೇ ಕಣ್ರೇ," ಎಂದಳು ಉದ್ದಕ್ಕ. ಅವರ ಮುಂದಾಳು ಅವಳು. ಆಳೆತ್ತರದ ಹೆಂಗಸಾದ್ದರಿಂದ ಎಲ್ಲರಿಗೂ ಉದ್ದಕ್ಕ. ಅಂದಿನಿಂದ ಅವರು ಫಲಕಗಳನ್ನು ಹಿಡಿದು ಗೇಟಿನಿಂದ ಔಷಧಿ ಅಂಗಡಿಯವರೆಗೆ, ಅಲ್ಲಿಂದ ಮತ್ತೆ ಗೇಟಿಗೆ ಸುತ್ತು ಹೊಡೆಯತೊಡಗಿದರು. ಮುಷ್ಕರ ನಿಜವಾಗಿಯೂ ನಡೆಯುತ್ತಿತ್ತು.

ಗೇಟಿನ ಎದುರಿಗೇ ಕಂಡಕ್ಟರಣ್ಣನ ಮನೆ. ಒಂದು ಕಾಲದಲ್ಲಿ ತುಂಬಿದ ಬಸ್ಸನ್ನು ಬಾಯಲ್ಲೇ ಹಿಂದೆ ಮುಂದೆ ಸರಿಸುತ್ತಿದ್ದ ಮನುಷ್ಯ. ಲಕ್ವ ಹೊಡೆದ ಮೇಲೆ ಬಲಗಾಲು, ಬಲಗೈ ಸೋತಿದ್ದಷ್ಟೇ ಅಲ್ಲ, ಮಾತೂ ಬಿದ್ದುಹೋಯಿತು. ತಲೆಯೊಳಗೆ ಎಲ್ಲವೂ ಸರಿಯಾಗಿತ್ತು. ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಪದಗಳು ಕೈಕೊಡುತ್ತಿದ್ದವು. ಬಸ್ಸು ಬಿಡಿಸುವ 'ರೈಟ್' ಮತ್ತು ನಿಲ್ಲಿಸುವ 'ಹೋಲ್ಡಾನ್' ಮಾತ್ರ ಯಾವ ಅಳುಕೂ ಇಲ್ಲದೆ ಬರುತ್ತಿದ್ದವು.

"ಇಷ್ಟು ವರ್ಷ ಸಂಸಾರ ಮಾಡಿದ್ದು ನನ್ನ ಜೊತೆ, ಇವರ ನಾಲಿಗೆಗೆ ನಿಯತ್ತು ಮಾತ್ರ ಬಸ್ಸಿನ ಮೇಲೆ," ಎಂದು ಹೆಂಡತಿ ನಗುತ್ತಲೇ ಕಣ್ಣೊರೆಸಿಕೊಂಡಿದ್ದಳು.

ದಿನಾ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದರು. ಅವನು ನಾಚಿಕೆಯಿಂದ ಹೊಸ್ತಿಲು ದಾಟಿರಲಿಲ್ಲ. ಹೆಂಡತಿಯ ಕಾಟಕ್ಕೆ ಕೊನೆಗೊಂದು ಸಂಜೆ ಕೋಲೂರಿಕೊಂಡು ರಸ್ತೆ ದಾಟಿದವನು, ಆಚೆಯ ಫುಟ್‌ಪಾತಿನಲ್ಲಿ ಉಸಿರು ಸಿಕ್ಕಿಕೊಂಡು ಹೆಂಗಸರ ಸಾಲಿನ ನಡುವೆಯೇ ನಿಂತುಬಿಟ್ಟ. ಕಾವಲಿಗಿದ್ದ ಪೊಲೀಸ್ ಪೇದೆ ಓಡಿ ಬಂದ.

"ಯಜಮಾನ್ರೇ, ಇಲ್ಲಿ ನಿಲ್ಲೋ ಹಾಗಿಲ್ಲ."

"ಇವರು ನಿಂತಿಲ್ಲ ಸಾರ್, ನಮ್ಮ ಜೊತೆ ನಡೀತಿದಾರೆ," ಎಂದು ಉದ್ದಕ್ಕ ಅವನ ಬಲಗೈಗೆ ಹೆಗಲು ಕೊಟ್ಟಳು. ಇಡೀ ಸಾಲು ಅವನ ಕಾಲಿನ ವೇಗಕ್ಕೆ ಇಳಿಯಿತು. ಅಂಗಡಿ ಮುಟ್ಟಿ ತಿರುಗಿ ಗೇಟಿಗೆ ಬರುವಷ್ಟರಲ್ಲಿ ಅವನ ಅಂಗಿ ಬೆವರಿಗೆ ತೊಯ್ದಿತ್ತು. ಆದರೂ ಅವನು ತಲೆಯೆತ್ತಿ "ರೈಟ್!" ಎಂದ. ಹೆಂಗಸರೆಲ್ಲ ಹೋ ಎಂದು ನಕ್ಕು ಇನ್ನೊಂದು ಸುತ್ತು ಹೊರಟರು.

ಮರುದಿನದಿಂದ ಅವನು ಸಂಜೆಯಾಗುವುದನ್ನೇ ಕಾಯತೊಡಗಿದ. ಹುಡುಗಿಯರು ತಮಾಷೆ ಮಾಡುತ್ತಿದ್ದರು, "ಕಂಡಕ್ಟರಣ್ಣ, ನಾವು ಟಿಕೆಟ್ ಇಲ್ದೆ ಹತ್ತಿದೀವಿ, ಇಳಿಸಿಬಿಡಬೇಡಿ." ಕಾಲಿಗಿಂತ ಹೆಚ್ಚಾಗಿ ಅವರು ಕಾದದ್ದು ಅವನ ಮಾತಿಗೆ. ಮೊದಲ ದಿನವೇ ಯಾರೋ ಅವನ ಬಾಯಿಂದ ಪದ ಕಿತ್ತುಕೊಳ್ಳಲು ಹೋದಾಗ ಉದ್ದಕ್ಕ ಗದರಿದ್ದಳು: "ಅವರ ಮಾತು ಅವರೇ ಮುಗಿಸ್ಲಿ. ನಮಗೇನು ರೈಲು ತಪ್ಪಿಹೋಗುತ್ತಾ?" ಹೀಗಾಗಿ ಒಂದೊಂದು ವಾಕ್ಯ ಗೇಟಿನಲ್ಲಿ ಶುರುವಾಗಿ ಔಷಧಿ ಅಂಗಡಿಯ ಹತ್ತಿರ ಮುಗಿಯುತ್ತಿತ್ತು. ಅಷ್ಟು ದೂರ ತನ್ನ ಮಾತಿಗಾಗಿ ಕಿವಿಗೊಟ್ಟು ನಡೆಯುವ ಜನ ಸಿಕ್ಕಿದ್ದು ಪುಣ್ಯವೆಂದೇ ಅವನಿಗೆ ಅನಿಸುತ್ತಿತ್ತು. ದಿನ ಕಳೆದಂತೆ ಕೋಲು ಹಗುರವಾಯಿತು, ಪದಗಳು ಒಂದಕ್ಕೊಂದು ಹತ್ತಿರ ಬಂದವು.

ಇದು ಗೊತ್ತಿಲ್ಲದಿದ್ದವನು ಅವನ ತಮ್ಮ. ನಗರಸಭೆಯ ಸದಸ್ಯ, ಬಾಯಿ ತೆರೆದರೆ ಭಾಷಣ. ಅಣ್ಣನ ಮೇಲೆ ಪ್ರಾಣವನ್ನೇ ಇಟ್ಟುಕೊಂಡವನು. ಆದರೆ ಎರಡು ಫೋನು, ನೂರು ಕೆಲಸ, ನಿಂತಲ್ಲಿ ನಿಲ್ಲದ ಕಾಲು. ಒಂದು ಭಾನುವಾರ ಬೆಳಿಗ್ಗೆ ಬಂದವನು ಕಿಟಕಿಯಿಂದ ಫಲಕಗಳನ್ನು ನೋಡಿ, "ಇವರಿಂದ ನಿನಗೇನಾದ್ರೂ ತೊಂದ್ರೆ ಇದೆಯಾ ಅಣ್ಣ?" ಎಂದ.

ಹೇಳಿಕೊಳ್ಳುವ ಖುಷಿಗೆ ಕಂಡಕ್ಟರಣ್ಣನ ಮುಖ ಅರಳಿತು. "ಆ ಹೆಂಗಸರು... ನನಗೆ... ನಡೆಯೋಕೆ..."

"ಬಿಡ್ತಿಲ್ಲ, ಅಲ್ವಾ? ನನಗೆ ಗೊತ್ತಿತ್ತು!"

ನಮ್ಮ ಭಾಷೆಯ ಕಷ್ಟವೇ ಇದು. ಮಾಡಿದ್ದೇನು ಎಂಬುದು ವಾಕ್ಯದ ಕಟ್ಟಕಡೆಗೆ ಬರುತ್ತದೆ. ಅಲ್ಲಿಯವರೆಗೆ ಕಾಯದವನು ಹೊಗಳಿಕೆಯನ್ನೂ ದೂರು ಮಾಡಿಬಿಡಬಹುದು. ಕಂಡಕ್ಟರಣ್ಣ ತಲೆ ಅಲ್ಲಾಡಿಸಿದ. ತಮ್ಮ ಅದನ್ನು ಅಣ್ಣನ ಸಂಕಟವೆಂದುಕೊಂಡು ಬೆನ್ನು ಸವರಿದ, ಅಷ್ಟರಲ್ಲಿ ಫೋನು ಬಂತು, ಹೊರಟೇಹೋದ. ಆಮೇಲೆ ಕಂಡಕ್ಟರಣ್ಣನ ಹೆಂಡತಿ ಫೋನು ಮಾಡಿದರೆ "ಮೀಟಿಂಗಲ್ಲಿದೀನಿ ಅತ್ತಿಗೆ" ಎಂಬ ಮಾತು ಬಿಟ್ಟು ಬೇರೇನೂ ಸಿಗಲಿಲ್ಲ.

ವಾರ ಕಳೆಯುವಷ್ಟರಲ್ಲಿ ಸುದ್ದಿ ಬಂತು. ಗೇಟುಗಳ ಮುಂದೆ ಗುಂಪಾಗಿ ನಡೆಯುವುದನ್ನೂ ನಿಷೇಧಿಸಬೇಕೆಂದು ತಮ್ಮನೇ ತಿದ್ದುಪಡಿ ತಂದಿದ್ದ. ಸಾರ್ವಜನಿಕರು ಸಭೆಗೆ ಬಂದು ಅಭಿಪ್ರಾಯ ಹೇಳಬಹುದಿತ್ತು, ತಲೆಗೆ ಎರಡು ನಿಮಿಷ.

ಕಂಡಕ್ಟರಣ್ಣನಿಗೆ ಊಟ ಸೇರಲಿಲ್ಲ. ಸುಮ್ಮನಿದ್ದರೆ ಆ ಹೆಂಗಸರ ಹೋರಾಟ ತನ್ನ ಹೆಸರಿನಲ್ಲೇ ಮುಗಿಯುತ್ತದೆ. ಬಾಯಿ ಬಿಟ್ಟರೆ ತುಂಬಿದ ಸಭೆಯಲ್ಲಿ ಒಡಹುಟ್ಟಿದವನ ಮುಖಕ್ಕೆ ಮಸಿ. ಹೆಂಡತಿ ತಾನೇ ಹೋಗಿ ಹೇಳುತ್ತೇನೆಂದಳು. ಅವನು ಎದೆ ಮುಟ್ಟಿಕೊಂಡು "ನಾ...ನೇ" ಎಂದ.

"ಸರಿ, ನೀವೇ ಹೇಳಿ. ಇಲ್ದಿದ್ರೆ ನಾಳೆಯಿಂದ ನನ್ನ ಜೊತೆ ನಡೀಬೇಕಾಗುತ್ತೆ, ದಾರಿಯುದ್ದಕ್ಕೂ ಜಗಳ," ಎಂದು ಅವಳು ಅವನ ಅಂಗಿಯ ಗುಂಡಿ ಹಾಕಿದಳು.

ಸಭಾಂಗಣ ಗಿಜಿಗುಡುತ್ತಿತ್ತು. ರಸ್ತೆ ಎಲ್ಲರದ್ದು ಎಂದರು ಕೆಲವರು. ಎಲ್ಲರದ್ದಾದ ಮೇಲೆ ನಮ್ಮದೂ ಹೌದಲ್ಲ ಎಂದರು ಹೆಂಗಸರು. ತಮ್ಮ ಎದ್ದು ನಿಂತಾಗ ಗದ್ದಲ ಅಡಗಿತು.

"ನನ್ನ ಸ್ವಂತ ಅಣ್ಣ ಆ ಗೇಟಿನ ಎದುರು ಇದಾರೆ. ಲಕ್ವ ಹೊಡೆದ ಜೀವ. ಫುಟ್‌ಪಾತಿನಲ್ಲಿ ನಾಲ್ಕು ಹೆಜ್ಜೆ ಇಡೋದಕ್ಕೂ ಅವರಿಗೆ ಜಾಗ ಇಲ್ಲ!" ಅವನ ಗಂಟಲು ನಿಜವಾಗಿಯೂ ಕಟ್ಟಿತ್ತು. ಸುಳ್ಳು ಹೇಳುವವನ ಗಂಟಲು ಹಾಗೆ ಕಟ್ಟುವುದಿಲ್ಲ, ಅದೇ ಕಂಡಕ್ಟರಣ್ಣನನ್ನು ಹೆಚ್ಚು ಹಿಂಸಿಸಿತು.

ಅವನ ಸರದಿ ಬಂತು. ಅವನು ಮೈಕಿನವರೆಗೆ ನಡೆದು ಬಂದ. ಅಣ್ಣನ ನಡಿಗೆ ನೋಡಿಯೇ ತಮ್ಮನ ಹುಬ್ಬು ಮೇಲೇರಿತು.

"ಆ ಹೆಂಗಸರು..." ಮೈಕಿನಲ್ಲಿ ಉಸಿರಿನ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. "ನನಗೆ..." ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. "ನಡೆಯೋಕೆ..."

ಗಂಟೆ ಹೊಡೆಯಿತು.

"ಸಮಯ ಮುಗೀತು," ಎಂದರು ಅಧ್ಯಕ್ಷೆ ಮೆಲ್ಲಗೆ.

ಉದ್ದಕ್ಕ ಎದ್ದಳು. "ನನ್ನ ಎರಡು ನಿಮಿಷ ಅವರಿಗೇ ಕೊಡಿ ಮೇಡಂ."

"ನನ್ನದೂ ಇರ್ಲಿ," ಎಂದು ಔಷಧಿ ಅಂಗಡಿಯವನೂ ಎದ್ದ. ಅವನು ಬಂದಿದ್ದು ತಿದ್ದುಪಡಿಯ ಪರವಾಗಿ ಮಾತಾಡಲು. "ನನ್ನ ಗೋಳು ದಿನಾ ಅಂಗಡೀಲಿ ಇದ್ದೇ ಇರುತ್ತೆ."

ತಮ್ಮನಿಗೆ ಅಣ್ಣನ ಒದ್ದಾಟ ನೋಡಲಾಗಲಿಲ್ಲ. "ಅಧ್ಯಕ್ಷರೇ, ನಮ್ಮಣ್ಣ ಹೇಳೋದು ಇಷ್ಟೇ, ನಡೆಯೋಕೆ ಬಿಡ್ತಿ—"

"ಹೋಲ್ಡಾನ್!"

ಸಭಾಂಗಣದ ಗಾಜುಗಳು ಅದುರಿದವು. ಎಲ್ಲರೂ ಹೋ ಎಂದು ನಕ್ಕರು. ತಮ್ಮ ಬಾಯಿ ಮುಚ್ಚಿ ಕೂತ. ನಗು ಇಳಿಯುವವರೆಗೂ, ಇಳಿದ ಮೇಲೂ ಕಂಡಕ್ಟರಣ್ಣ ಆ ಒಂದು ಪದವನ್ನು ಹುಡುಕುತ್ತಿದ್ದ. ಹೆಂಗಸರ ಕಡೆ ನೋಡಿದ. ಯಾರೂ ತುಟಿ ಆಡಿಸಿ ತೋರಿಸಲಿಲ್ಲ, ಯಾರೂ ಕಣ್ಣು ತಪ್ಪಿಸಲಿಲ್ಲ. ಎಂದಿನಂತೆ ಕಾದರು.

"...ಕಲಿಸಿದ್ರು," ಎಂದ ಅವನು. "ಮಾತಾಡೋಕೂ."

ತಿದ್ದುಪಡಿಯನ್ನು ಮತಕ್ಕೆ ಹಾಕಬೇಕೇ ಎಂದು ಅಧ್ಯಕ್ಷೆ ಕೇಳಿದಾಗ ತಮ್ಮ ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ, "ವಾಪಸ್ ತಗೋತೀನಿ. ನಾನು ತಪ್ಪು ಕೇಳಿಸ್ಕೊಂಡಿದ್ದೆ," ಎಂದ. ಅವನ ಕಡೆಯ ಸದಸ್ಯರು ಕೂಗಾಡಿದರು. ಹಳೆಯ ನಿಯಮ ಹಾಗೇ ಉಳಿಯಿತು, ನಡಿಗೆಯೂ ಉಳಿಯಿತು. ಹೆಂಗಸರು ಕಂಡಕ್ಟರಣ್ಣನ ಕೈಗಳನ್ನು ಹಿಡಿದು ಹಿಡಿದು ಬಿಟ್ಟರು. ಉದ್ದಕ್ಕನಿಗೆ ಮಾತು ಹೊರಡಲಿಲ್ಲ. ಅವಳಿಗಾಗಿ ಅವನು ಕಾದ.

ಹೊರಗಿನ ಮೆಟ್ಟಿಲ ಮೇಲೆ ತಮ್ಮ ಒಬ್ಬನೇ ಕೂತಿದ್ದ. ಅಣ್ಣ ಪಕ್ಕದಲ್ಲಿ ಕೂತಾಗಲೂ ತಲೆ ಎತ್ತಲಿಲ್ಲ.

"ಇಷ್ಟು ದಿನ ನಿನ್ನ ಮಾತನ್ನೆಲ್ಲ ನಾನೇ ಮುಗಿಸ್ತಾ ಬಂದೆನಲ್ಲ ಅಣ್ಣ," ಎಂದ. "ಇನ್ನೂ ಏನೇನು ತಪ್ಪು ತಿಳ್ಕೊಂಡಿದೀನೋ!"

ಕಂಡಕ್ಟರಣ್ಣನಿಗೆ ಲೆಕ್ಕವಿಲ್ಲದಷ್ಟು ನೆನಪಾದವು. ಅವುಗಳಲ್ಲಿ ಒಂದು, ಲಕ್ವ ಹೊಡೆದಾಗ ತಮ್ಮನೇ ಹೊತ್ತೊಯ್ದು ಸೇರಿಸಿದ್ದ ಆಸ್ಪತ್ರೆಯದು. ಕಣ್ಣು ಬಿಟ್ಟ ದಿನ ಅವನು "ನೀನು ಇಲ್ದಿದ್ರೆ..." ಎಂದು ಶುರುಮಾಡಿದ್ದ. "ಸಾಯೋ ಮಾತೆಲ್ಲ ಆಡಬೇಡ, ಸುಮ್ನಿರು," ಎಂದು ತಮ್ಮ ಬಾಯಿ ಮುಚ್ಚಿಸಿದ್ದ.

"ಆಸ್ಪತ್ರೇಲಿ..." ಎಂದ ಈಗ.

ತಮ್ಮ ಏನೋ ಹೇಳಲು ಹೋಗಿ ನುಂಗಿಕೊಂಡ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅದನ್ನು ಮುಟ್ಟಲಿಲ್ಲ.

"ನೀನು... ಇಲ್ದಿದ್ರೆ... ನಾನು..."

ಮೆಟ್ಟಿಲ ಬುಡದಲ್ಲಿ ಜನ ಚದುರಿದರು. ಹೆಂಡತಿ ದೂರದಲ್ಲೇ ನಿಂತಳು. ತಮ್ಮ ಅಣ್ಣನ ತುಟಿಯನ್ನೇ ನೋಡುತ್ತ ಕೂತಿದ್ದ, ಚಿಕ್ಕಂದಿನಲ್ಲಿ ಅವನ ಬಾಯಿಂದ ಕಥೆ ಕೇಳುತ್ತಿದ್ದಾಗ ಕೂತಿದ್ದಂತೆ.

"...ಇರ್ತಿರಲಿಲ್ಲ ಕಣೋ."