ಇಬ್ಬರಿಗೊಂದು ನಿಧಾನದ ದಿನ

"ಕಣ್ಣು ಕಾಣದವನಿಗೆ ಊರು ತೋರಿಸೋದು ಅಂದ್ರೆ ಹೇಗೆ ಮಾರಾಯ್ತಿ?" ಎಂದು ಲೊರೆದಾನಾ ಪತ್ರವನ್ನು ಮೇಜಿನ ಮೇಲೆ ಈಚೆಗೆ ತಳ್ಳಿದಳು. "ಗಂಡ ಹೆಂಡತಿ ಇಬ್ಬರೇ. ಮದುವೆಯಾಗಿ ಇಪ್ಪತ್ತೈದು ವರ್ಷವಂತೆ. ಆತುರ ಇರಬಾರದು, ಜನಜಂಗುಳಿ ಬೇಡ, ಮೆಟ್ಟಿಲು ಕಮ್ಮಿ. ಇದು ನಿನಗೇ ಸರಿ."

ಫುಲ್ವಿಯಾ ಪತ್ರ ಓದಿ ಮಡಿಚಿಟ್ಟಳು. ಇಟಲಿಯ ಕಡಲತೀರದ ಊರು ತ್ರಿಯೆಸ್ತೆಗೆ ಬರುವ ಜೋಡಿಗಳಿಗೆ ಬೆಳಗಿನಿಂದ ಸಂಜೆಯವರೆಗಿನ ಒಂದು ದಿನವನ್ನು ಹೊಂದಿಸಿಕೊಡುವುದು ಅವಳ ಕೆಲಸ. ಯಾವ ಕಾಫಿ ಅಂಗಡಿಯ ಯಾವ ಮೂಲೆಯಲ್ಲಿ ಕೂತರೆ ಮಾತು ತಾನಾಗಿ ಹುಟ್ಟುತ್ತದೆ, ಯಾವ ಇಳಿಜಾರಿನಲ್ಲಿ ಕೈ ಹಿಡಿಯದೆ ವಿಧಿಯಿಲ್ಲ, ಸಮುದ್ರದ ಎದುರು ಎಷ್ಟು ಹೊತ್ತು ಸುಮ್ಮನಿದ್ದರೆ ಚೆನ್ನ, ಎಲ್ಲ ಅವಳಿಗೆ ಬಾಯಿಪಾಠ. ಲೊರೆದಾನಾಳ ಈ ಪುಟ್ಟ ಕಚೇರಿಯಲ್ಲಿ ಎಂಟು ವರ್ಷ ಕೂತು ನೂರಾರು ಜೋಡಿಗಳನ್ನು ಹಾಗೆ ಊರು ಸುತ್ತಲು ಕಳಿಸಿದ್ದಳು. ಈ ಕೆಲಸ ನಿನಗೇ ಯಾಕೆ ಸರಿ ಎಂಬುದನ್ನು ಲೊರೆದಾನಾ ಬಿಡಿಸಿ ಹೇಳಲಿಲ್ಲ. ಫುಲ್ವಿಯಾಳ ಗಂಡನಿಗೆ ಕಣ್ಣು ಕಾಣದೆಂದು ಆ ಬೀದಿಗೆಲ್ಲ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ, ಅಕ್ಟೋಬರಿನ ಒಂದು ಬೆಳಿಗ್ಗೆ, ಸಿಲ್ವಾನೊ ಹಾಸಿಗೆಯಲ್ಲಿ ಎದ್ದು ಕೂತು "ದೀಪ ಹಾಕೇ" ಎಂದಿದ್ದ. ಕಿಟಕಿ ತೆರೆದಿತ್ತು, ಬಿಸಿಲು ಅವನ ಮಡಿಲಲ್ಲೇ ಬಿದ್ದಿತ್ತು. ಬಂದರಿನಲ್ಲಿ ದೋಣಿಗಳ ಯಂತ್ರ ರಿಪೇರಿ ಮಾಡುತ್ತಿದ್ದವನು. ಒಂದು ಕಣ್ಣು ಆ ವಸಂತದಲ್ಲೇ ಹೋಗಿತ್ತು, ಅವತ್ತು ಇನ್ನೊಂದೂ ಹೋಯಿತು. ಅವತ್ತೇ ಮಧ್ಯಾಹ್ನದ ರೈಲಿಗೆ ಫುಲ್ವಿಯಾ ಪಾದೋವಾದ ಅಕ್ಕನ ಮನೆಗೆ ಹೊರಡುವವಳಿದ್ದಳು, ತಿರುಗಿ ಬಾರದ ಹಾಗೆ. ಕಾರಣ ದೊಡ್ಡದೇನಲ್ಲ. ಅವನು ಹೊಡೆದವನಲ್ಲ, ಬೇರೆ ಹೆಂಗಸಿನ ಹಿಂದೆ ಹೋದವನಲ್ಲ. ಹದಿನಾಲ್ಕು ವರ್ಷ ಒಂದೇ ಮೇಜಿನಲ್ಲಿ ಉಂಡು ಉಂಡು, ಆಡಲು ಮಾತು ಮುಗಿದುಹೋಗಿತ್ತು, ಅಷ್ಟೆ. ಅವಳು ಆಸ್ಪತ್ರೆಯಿಂದ ಅವನನ್ನು ಕರೆತಂದು ಮಲಗಿಸಿ, ಪೆಟ್ಟಿಗೆಯಲ್ಲಿದ್ದ ಬಟ್ಟೆಗಳನ್ನು ಸದ್ದಾಗದ ಹಾಗೆ ಒಂದೊಂದಾಗಿ ಕಪಾಟಿಗೆ ಮರಳಿಸಿದ್ದಳು. ಕಣ್ಣು ಹೋದವನನ್ನು ಬಿಟ್ಟು ಹೋಗುವ ಹೆಂಗಸಿಗೆ ಊರಿನಲ್ಲಿ ಒಂದು ಹೆಸರಿರುತ್ತದೆ. ಆ ಹೆಸರನ್ನು ಹೊರುವ ಧೈರ್ಯ ಅವಳಿಗಿರಲಿಲ್ಲ.

ಎರಡು ವಾರ ಅವಳು ಆ ಕಾಣದ ಜೋಡಿಯ ಗುಂಗಿನಲ್ಲೇ ಇದ್ದಳು. ಬೆಳಿಗ್ಗೆ ಹತ್ತಕ್ಕೆ ಕಾಫಿ ಹುರಿಯುವ ಅಂಗಡಿ; ಬೀಜ ಸಿಡಿಯುವ ಸದ್ದು ಹೊರಗಿನವರೆಗೂ ಕೇಳುತ್ತದೆ. ಆಮೇಲೆ ಬಸ್ಸಿನಲ್ಲಿ ಕಾರ್ಸೊ ಗುಡ್ಡಕ್ಕೆ. ಅಲ್ಲಿ ಬಾಗಿಲಿಗೆ ಹಸಿರು ಟೊಂಗೆ ತೂಗುಬಿಟ್ಟು ಮನೆಯ ವೈನು ಮಾರುವ ರೈತನ ಅಂಗಳ, ಬೇಯಿಸಿದ ಮೊಟ್ಟೆ, ಮುಲ್ಲಂಗಿ ತುರಿದು ಹಾಕಿದ ಹಂದಿಮಾಂಸ. ಸಂಜೆ ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಕಟ್ಟೆ. ಅಲ್ಲಿ ಮೂರು ಕಡೆಯಿಂದಲೂ ನೀರಿನ ಸದ್ದು. ತಾನೇ ಕಣ್ಣು ಮುಚ್ಚಿಕೊಂಡು ಬೀದಿಯಲ್ಲಿ ಹತ್ತು ಹೆಜ್ಜೆ ನಡೆದು ನೋಡಿದಳು, ಮೀನಿನ ಅಂಗಡಿಯವನು "ಏನಮ್ಮಾ, ಬೆಳಿಗ್ಗೇನೇ ಏರಿಸಿದೀಯಾ?" ಎಂದ. ಆ ಗುರುತಿಲ್ಲದ ಹೆಂಡತಿಯ ಮೇಲೆ ಅವಳಿಗೆ ಹೊಟ್ಟೆಕಿಚ್ಚೂ ಆಯಿತು. ಇಷ್ಟು ವರ್ಷವಾದ ಮೇಲೂ ಅವಳೊಂದಿಗೆ ಒಂದು ದಿನ ಬೇಕು ಎನ್ನುವ ಗಂಡ! ಮನೆಗೆ ಬಂದು ಸಿಲ್ವಾನೊನ ತಟ್ಟೆ ಮುಂದಿಟ್ಟು, "ಆಲೂಗಡ್ಡೆ ಮೂರು ಗಂಟೆ ಕಡೆ, ಮೀನು ಒಂಬತ್ತರ ಕಡೆ" ಎಂದು ಗಡಿಯಾರದ ಲೆಕ್ಕದಲ್ಲಿ ಹೇಳಿ, ಎದುರಿಗೆ ಕೂತು ಉಣ್ಣುವಳು. ರೇಡಿಯೋ ಮಾತಾಡುತ್ತಿರುತ್ತಿತ್ತು.

"ಹೆಸರು ಹೇಳೇ, ಮೇಜು ಹಿಡಿದಿಡಬೇಕು" ಎಂದು ಅವಳು ಕೇಳಿದ ದಿನ ಲೊರೆದಾನಾ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

"ಯಾರ ಹೆಸರು ಹೇಳಲಿ? ನಿನ್ನ ಹೆಸರೇ ಬರ್ಕೋ."

"ಅಂದ್ರೆ?"

"ಸಿಲ್ವಾನೊ ಕಣೇ! ನಾಲ್ಕು ಸಲ ಫೋನ್ ಮಾಡಿ ಹೇಳಿಬರೆಸಿದ ಆ ಪತ್ರಾನ. ನಿನಗೆ ಗೊತ್ತಾಗಬಾರದು ಅಂತ ನನ್ನ ಹತ್ರ ಆಣೆ ಮಾಡಿಸ್ಕೊಂಡಿದ್ದ. ಪುಣ್ಯವಂತೆ ನೀನು. ನನ್ನ ಗಂಡ ನಾನು ಹುಟ್ಟಿದ ದಿನಾನೂ ನೆನಪಿಟ್ಟವನಲ್ಲ."

ಫುಲ್ವಿಯಾ ನಗಲು ನೋಡಿದಳು. ಎರಡು ವಾರ ಇನ್ಯಾರದೋ ಮನೆ ಎಂದುಕೊಂಡು ಗೋಡೆ ಎಬ್ಬಿಸಿ, ಕೊನೆಗೆ ನೋಡಿದರೆ ಒಳಗೆ ನಿಂತಿದ್ದವಳು ತಾನೇ.

ಮೇ ತಿಂಗಳ ಆ ಶನಿವಾರ ಅವಳು ಅವನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿದಳು. ಎಂದಿನಂತೆ ಅವನು ಅವಳ ಎಡಮೊಣಕೈ ಹಿಡಿದು ಹೊರಟ. ಕಾಫಿ ಅಂಗಡಿಯ ಹುಡುಗಿ "ಎಷ್ಟು ಚಂದ ಕಾಣ್ತೀರಿ ಇಬ್ಬರೂ" ಎಂದಳು. ಸಿಲ್ವಾನೊ "ನನ್ನ ಪಾಲಿಗೆ ಇವಳಿಗೆ ಇನ್ನೂ ನಲವತ್ತು ನೋಡಮ್ಮ. ಅಷ್ಟಕ್ಕೇ ನಿಂತುಬಿಟ್ಟಿದಾಳೆ" ಎಂದಾಗ ಸುತ್ತ ಕೂತವರೆಲ್ಲ ನಕ್ಕರು. ಅವಳಿಗೆ ಈಗ ಐವತ್ತೊಂದು. ಎಲ್ಲ ಅವಳು ಬರೆದಂತೆಯೇ ನಡೆಯುತ್ತಿತ್ತು. ಬೀಜ ಸಿಡಿಯಿತು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಗುಡ್ಡದ ಮೇಲೆ ಗಾಳಿಯಲ್ಲಿ ಕೊಯ್ದ ಹುಲ್ಲಿನ ವಾಸನೆ ಇತ್ತು. ಒಂದೊಂದೂ ಸರಿಯಾಗಿ ಆಗುತ್ತಿದ್ದಂತೆ ಅವಳು ಮತ್ತೆ ಮತ್ತೆ ಗಡಿಯಾರ ನೋಡಿಕೊಂಡಳು.

ರೈತನ ಅಂಗಳದಲ್ಲಿ, ಹಿಪ್ಪುನೇರಳೆ ಮರದ ಕೆಳಗೆ, ಅವನು ಮೊಟ್ಟೆಯ ಸಿಪ್ಪೆಯನ್ನು ಬೆರಳ ತುದಿಯಿಂದ ಸುಲಿಯುತ್ತ ಕೂತಿದ್ದ. ಅವಳು ಸಹಾಯಕ್ಕೆ ಕೈ ಚಾಚಿದಳು.

"ಬಿಡು, ಬರುತ್ತೆ ನನಗೆ" ಎಂದ. ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಸರಿಸಿ, "ಅವತ್ತು ನಿನ್ನ ಅಕ್ಕ ಫೋನ್ ಮಾಡಿದ್ದಳು" ಎಂದ.

"ಯಾವತ್ತು?"

"ಆಸ್ಪತ್ರೆಯಿಂದ ಬಂದ ಸಂಜೆ. ನೀನು ಔಷಧಿ ಅಂಗಡಿಗೆ ಹೋಗಿದ್ದೆ. ತಡಕಾಡಿ ಎತ್ತಿಕೊಂಡೆ. ನಾನು ಮಾತಾಡೋ ಮುಂಚೇನೇ, 'ಫುಲ್ವಿಯಾ, ಎಲ್ಲಿದೀಯೇ, ರೈಲಿನಿಂದ ನೀನು ಇಳೀಲೇ ಇಲ್ಲ, ಅವನನ್ನ ಬಿಟ್ಟು ಬರೋ ಮನಸ್ಸು ಬದಲಾಯಿಸಿದ್ಯಾ ಹೇಗೆ' ಅಂದಳು. ನಾನು ಏನೂ ಹೇಳದೆ ಇಟ್ಟುಬಿಟ್ಟೆ."

ಪಕ್ಕದ ಮೇಜಿನಲ್ಲಿ ಯಾರೋ ಇಸ್ಪೀಟು ಕಲೆಸುತ್ತಿದ್ದರು. ಫುಲ್ವಿಯಾ ಲೋಟವನ್ನು ಕೆಳಗಿಟ್ಟಳು.

"ಹನ್ನೊಂದು ವರ್ಷ" ಎಂದಳು. "ಹನ್ನೊಂದು ವರ್ಷ ಗೊತ್ತಿಟ್ಟುಕೊಂಡು ಸುಮ್ಮನಿದ್ದೆಯಾ?"

"ಹೂಂ."

"ಯಾಕೆ?"

"ಹೆದರಿಕೆ ಕಣೇ. ಹೇಳಿದ್ರೆ ನೀನು ಹೊರಟುಬಿಡ್ತಿದ್ದೆ. ನನಗೆ ಆಗ ಬಚ್ಚಲುಮನೆ ದಾರಿ ಕೂಡ ಗೊತ್ತಿರಲಿಲ್ಲ."

"ಆಮೇಲೆ ಗೊತ್ತಾಯಿತಲ್ಲ! ಒಂದು ವರ್ಷದಲ್ಲಿ ಗೊತ್ತಾಯಿತು, ಎರಡು ವರ್ಷದಲ್ಲಿ ಗೊತ್ತಾಯಿತು!" ಅವಳ ದನಿ ಏರಿತು, ಇಸ್ಪೀಟಿನವರು ತಿರುಗಿ ನೋಡಿದರು. "ಪ್ರತಿ ರಾತ್ರಿ ನೀನು ನಿದ್ದೆ ಹೋದೆ ಅಂದ್ಕೊಂಡು ನಾನು ಪಿಸುದನೀಲಿ ನನ್ನನ್ನೇ ಬೈಕೊಂಡು ಮಲಗಿದೀನಿ, ಪಾಪಿ ಅಂತ. ಮೋಸ ಮಾಡ್ತಿದೀನಿ ಅಂತ. ನೀನು ಪಕ್ಕದಲ್ಲೇ ಬಿದ್ದುಕೊಂಡು ಕೇಳಿಸ್ಕೊಳ್ತಾ ಇದ್ದೆ."

"ಕೇಳಿಸ್ಕೊಳ್ತಾ ಇದ್ದೆ" ಎಂದು ಅವನು ಒಪ್ಪಿಕೊಂಡ. "ನಾನು ಒಳ್ಳೆಯವನು ಅಂತ ಹೇಳೋಕೆ ನಿನ್ನ ಕರ್ಕೊಂಡು ಬಂದಿಲ್ಲ. ಒಂದು ದಿನ, ನೀನು ಬೇರೆಯವರಿಗೆ ಕೊಡ್ತೀಯಲ್ಲ, ಅಂಥದು ಬೇಕಿತ್ತು. ನಮಗೆ ಅಂತ ಗೊತ್ತಿದ್ದಿದ್ರೆ ನೀನು ಇಷ್ಟು ಚೆನ್ನಾಗಿ ಮಾಡ್ತಿರಲಿಲ್ಲ."

ಅದು ನಿಜವಾಗಿತ್ತು. ನಿಜವಾದ್ದರಿಂದಲೇ ಅವಳಿಗೆ ಇನ್ನೂ ಸಿಟ್ಟು ಬಂತು.

ಬಸ್ಸಿನಲ್ಲಿ ಗುಡ್ಡ ಇಳಿದು ಬಂದರು. ಐದೂವರೆಗೆ ಕಲ್ಲುಕಟ್ಟೆಯ ಮೇಲಿದ್ದರು. ಅರ್ಧ ದೂರದಲ್ಲಿ, ದೋಣಿ ಕಟ್ಟುವ ಕಬ್ಬಿಣದ ಗೂಟವೊಂದು ಕಾಲಿಗೆ ತಾಗಿದಾಗ ಸಿಲ್ವಾನೊ ಅಲ್ಲೇ ಕೂತ. "ಲೊರೆದಾನಾ ಹತ್ರ ವೇಳೆ ಕೇಳ್ಕೊಂಡಿದ್ದೆ. ಆರಕ್ಕೆ ಮರೀನೊ ಇಲ್ಲಿಗೆ ಬರ್ತಾನೆ" ಎಂದ. ಮರೀನೊ ಅವನ ಚಿಕ್ಕಪ್ಪನ ಮಗ. ಹೆಂಡತಿ ತೀರಿಕೊಂಡ ಮೇಲೆ ಪಕ್ಕದೂರು ಮುಜ್ಜಾದ ಮನೆಯಲ್ಲಿ ಒಬ್ಬನೇ ಇದ್ದ. "ಬಂದು ಇದ್ದುಬಿಡು ಅಂದಿದಾನೆ. ನನ್ನ ಬಟ್ಟೆ ಆಗಲೇ ಅಲ್ಲಿಗೆ ಹೋಗಿದೆ, ಸ್ವಲ್ಪ. ನೀನು ಕೆಲಸಕ್ಕೆ ಹೋದಾಗ ಬಂದು ಒಯ್ದ. ನೀನು ಗಮನಿಸಲಿಲ್ಲ."

"ನನ್ನನ್ನ ಕೇಳದೇನೇ?"

"ಕೇಳಿದ್ರೆ ಬೇಡ ಅಂತಿದ್ದೆ. ಹೂಂ ಅನ್ನೋಕೆ ನಿನಗೆ ನಾಚಿಕೆ ಆಗ್ತಿತ್ತು." ಅವನು ಮೊಣಕಾಲ ಮೇಲೆ ಕೈಯಿಟ್ಟುಕೊಂಡ. "ಹೋಗಿ ತುದಿ ನೋಡಿ ಬಾ. ಆರಕ್ಕೆ ನೀನು ಇಲ್ಲಿದ್ರೆ ಮನೆಗೆ ಹೋಗೋಣ. ಇಲ್ಲದಿದ್ರೆ ಅವನ ಜೊತೆ ಹೋಗ್ತೀನಿ. ಎರಡಕ್ಕೂ ನಾನು ಏನೂ ಅನ್ನಲ್ಲ."

"ದೊಡ್ಡ ಮನುಷ್ಯ" ಎಂದು ಅವಳು ಹಲ್ಲು ಕಚ್ಚಿ ಹೇಳಿದಳು. "ಕಟ್ಟಿ ಹಾಕಿದವನೂ ನೀನೇ, ಬಿಚ್ಚುವವನೂ ನೀನೇ."

ಅವನು ಕಾಲು ಒಳಗೆಳೆದುಕೊಂಡು ಅವಳಿಗೆ ದಾರಿ ಬಿಟ್ಟ.

ಅವಳು ತುದಿಯವರೆಗೆ ನಡೆದಳು. ಅಲ್ಲಿಂದಾಚೆ ನೀರು. ಹಿಂದೆ ಊರಿನ ಬಿಳಿ ಕಟ್ಟಡಗಳು, ನಡುವೆ ಕಲ್ಲಿನ ದಾರಿ ಒಂದೇ, ಆ ದಾರಿಯ ಮಧ್ಯದಲ್ಲಿ ಅವನು. ಎಲ್ಲಿಗೆ ಹೋಗುವುದಾದರೂ ಅವನನ್ನು ದಾಟಿಯೇ ಹೋಗಬೇಕು. ಈ ಜಾಗವನ್ನು ಆರಿಸಿದವಳು ತಾನೇ ಎಂಬುದು ನೆನಪಾಗಿ ಅವಳಿಗೆ ಒಂದು ಕ್ಷಣ ಜೋರಾಗಿ ನಗು ಬಂತು, ಆಮೇಲೆ ಅಳು. ಎರಡನ್ನೂ ಗಾಳಿಗೆ ಬಿಟ್ಟು, ಮುಖ ಒರೆಸಿಕೊಂಡು, ಹಿಂದಿರುಗಿದಳು.

ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಡಿಗೆ ತಾನಾಗಿ ನಿಧಾನವಾಯಿತು. ನೀರು ಕಲ್ಲಿಗೆ ಬಡಿಯುತ್ತಿತ್ತು. ಅವನು ತಲೆ ಸ್ವಲ್ಪ ಓರೆ ಮಾಡಿದ. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಕರೆಯಲಿಲ್ಲ. ಅವಳು ದಾಟಿದಳು. ಒಂದು ಸಲವೂ ನಿಲ್ಲದೆ ಕಟ್ಟೆ ಮುಗಿಯುವವರೆಗೆ ನಡೆದು, ರಸ್ತೆ ದಾಟಿ, ಬಸ್ಸು ನಿಲ್ಲುವಲ್ಲಿ ನಿಂತಳು. ಮನೆಯ ಕಡೆ ಹೋಗುವ ಬಸ್ಸು ಬಂತು, ಹೋಯಿತು.

ಆರಕ್ಕೆ ಐದು ನಿಮಿಷವಿರುವಾಗ ಮರೀನೊ ಬಂದ. ದಪ್ಪ ಮನುಷ್ಯ, ಬೆವರುತ್ತಿದ್ದ. ಇಬ್ಬರೂ ಕಟ್ಟೆಯ ಮೇಲಿನಿಂದ ಬರುವುದನ್ನು ಅವಳು ಆಚೆ ಬದಿಯಿಂದ ನೋಡಿದಳು. ಸಿಲ್ವಾನೊನನ್ನು ಇಷ್ಟು ದೂರದಿಂದ ಅವಳು ನೋಡಿಯೇ ಎಷ್ಟೋ ಕಾಲವಾಗಿತ್ತು. ಕೂದಲು ಹಿಂದೆ ತೆಳುವಾಗಿತ್ತು. ಮರೀನೊ ಬಿರಬಿರನೆ ನಡೆಯುತ್ತಿದ್ದ, ಕಾಲುದಾರಿಯ ಅಂಚು ಬಂದಾಗ ಹೇಳಲಿಲ್ಲ. ಸಿಲ್ವಾನೊ ಮುಗ್ಗರಿಸಿ ಸಾವರಿಸಿಕೊಂಡ. ಏನೋ ಅಂದ, ಇಬ್ಬರೂ ನಕ್ಕರು.

ರೈಲು ನಿಲ್ದಾಣಕ್ಕೆ ಹೋಗುವ ಬಸ್ಸು ಬಂದು ಬಾಗಿಲು ತೆರೆಯಿತು. ಫುಲ್ವಿಯಾ ಹತ್ತಿ, ಕಿಟಕಿಯ ಪಕ್ಕ ಕೂತಳು. ಮುಂದಿನ ನಿಲುಗಡೆಯಲ್ಲಿ ಮಾರುಕಟ್ಟೆಯ ಚೀಲ ಹಿಡಿದ ಮುದುಕಿಯೊಬ್ಬಳು ಬಂದು ಪಕ್ಕದಲ್ಲಿ ನಿಂತಳು.

"ತಾಯಿ, ಕೈ ಸ್ವಲ್ಪ ಒಳಗೆ ತಗೋ, ಕೂರ್ತೀನಿ" ಎಂದಳು.

ಫುಲ್ವಿಯಾ ನೋಡಿಕೊಂಡಳು. ಅವಳ ಎಡಮೊಣಕೈ, ಯಾರೋ ಹಿಡಿದುಕೊಳ್ಳಲಿ ಎಂಬಂತೆ, ಮೈಯಿಂದ ಅಷ್ಟು ದೂರ ಬಾಗಿಯೇ ಇತ್ತು.