ಪಾಪನ್ನ ಹುಡುಕಿಕೊಂಡು ಬಂದವರು

ಕಾನು ಇರುವುದು ಆಯನೂರಿನಿಂದ ಆಚೆ, ಬಸ್ಸಿಳಿದು ಮತ್ತೂ ನಡೆಯಬೇಕಾದ ಕಡೆ. ಅದರೊಳಗಿನ ಬಂಡೆ ಒಡೆದು ಜಲ್ಲಿ ಮಾಡಲು ಜನರ ಅಭಿಪ್ರಾಯ ಕೇಳುವ ಸಭೆ ಇಟ್ಟದ್ದು ಮಾತ್ರ ಭದ್ರಾವತಿಯ ಒಂದು ಕಲ್ಯಾಣ ಮಂಟಪದಲ್ಲಿ. ಬುಧವಾರ, ಬೆಳಗ್ಗೆ ಹನ್ನೊಂದಕ್ಕೆ. ಕಾನಿನ ಅಂಚಿನ ಊರಿನವರು ಬಸ್ಸಿನ ಮೇಲೆ ಬಸ್ಸು ಬದಲಿಸಿ, ಕೂಲಿ ಬಿಟ್ಟು ಬರಬೇಕು. ಬರಲಾರರು ಎಂದು ಗೊತ್ತಿದ್ದೇ ಇಟ್ಟ ಸಭೆ ಅದು. ಜನರನ್ನು ಕೇಳಿದ ಹಾಗೂ ಆಗಬೇಕು, ಜನ ಬಾಯಿ ಬಿಡಲೂಬಾರದು. ಈ ದೇಶದಲ್ಲಿ ಕಾಡು ಕಡಿಯುವುದಕ್ಕೆ ಕೊಡಲಿಗಿಂತ ಮೊದಲು ಬೇಕಾಗುವುದು ಖಾಲಿ ಕುರ್ಚಿ.

ಖಾಲಿ ಕುರ್ಚಿ ಏನು ಮಾಡಬಲ್ಲದು ಅಂತ ಇರಂಗೆ ಚೆನ್ನಾಗಿ ಗೊತ್ತಿತ್ತು. ಶಿವಮೊಗ್ಗದ ಹೊಸಮನೆಯವಳು, ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಹಿಂದೆ ಇನ್ನೊಂದು ಕಾನಿಗಾಗಿ ಹೀಗೇ ಸಭೆ ನಡೆದಾಗ ಅಲ್ಲಿದ್ದದ್ದು ಅವಳು, ಅವಳ ಹೈಸ್ಕೂಲು ಗೆಳೆಯ ಮೆಕ್ಯಾನಿಕ್ ಹಾಲೇಶ್, ಮತ್ತೆ ಟೀ ತಂದವನು. "ಸಾರ್ವಜನಿಕರಿಂದ ಹೇಳಿಕೊಳ್ಳುವಂಥ ಆಕ್ಷೇಪಣೆ ಇಲ್ಲ" ಅಂತ ದಾಖಲಾಯಿತು. ವರ್ಷವಿಡೀ ಹಸಿರು ಕಳಚದ ಮಳೆಕಾಡು, ಹಗಲಲ್ಲೂ ಕತ್ತಲಿರುತ್ತಿದ್ದ ಜಾಗ, ಈಗ ಬಿಸಿಲಿಗೆ ಬೆಂದ ಕಲ್ಲುಗುಂಡಿ. ಅಲ್ಲಿ ಅವಳು ನೋಡಿಕೊಂಡು ಬಂದಿದ್ದ ಕಾಡುಪಾಪಗಳಲ್ಲಿ ಒಂದೂ ಮತ್ತೆ ಕಣ್ಣಿಗೆ ಬೀಳಲಿಲ್ಲ.

ಕಾಡುಪಾಪ ಅಂದರೆ ಅಂಗೈಯಲ್ಲಿ ಕೂರುವಷ್ಟು ಪ್ರಾಣಿ. ಕೋತಿಯ ದೂರದ ನೆಂಟ, ಆದರೆ ಕೋತಿಯ ಹಾಗೆ ನೆಗೆಯಲು ಬರುವುದಿಲ್ಲ. ಕೊಂಬೆಯಿಂದ ಕೊಂಬೆಗೆ ಕೈಯಿಟ್ಟು, ಕಾಲಿಟ್ಟು, ನಿಧಾನವಾಗಿ ದಾಟಬೇಕು. ನಡುವೆ ಒಂದು ಮರ ಹೋದರೆ ಅದರ ದಾರಿಯೇ ಹೋಯಿತು. ಆಯನೂರಿನಾಚೆಯ ಈ ಕಾನೂ ಕೈಬಿಟ್ಟರೆ ಆ ಸುತ್ತಿನಲ್ಲಿ ಅವಕ್ಕೆ ಬೇರೆ ಮನೆಯಿಲ್ಲ.

ಹಾಗಾಗಿ ಮಂಟಪ ತುಂಬಿಸಬೇಕಿತ್ತು. ಭದ್ರಾವತಿಯ ಜನರಿಂದಲೇ.

"ಫ್ಯಾಕ್ಟರಿ ಊರಿನೋರಿಗೆ ಆಯನೂರಿನ ಕಾನು ಯಾಕೆ ಬೇಕು ಹೇಳು?" ಅಂದ ಹಾಲೇಶ್.

"ಕೇಳೋಣ. ಬೇಡ ಅಂದ್ರೆ ಆಗ ನೋಡೋಣ," ಅಂದಳು ಇರಂ. ಅವಳ ತಾಯಿಯ ತಮ್ಮ ಹಯಾತ್ ಭದ್ರಾವತಿಯಲ್ಲೇ ಇದ್ದರು. ಆಟೋದ ಮೇಲೆ ಮೈಕು ಕಟ್ಟಿಕೊಂಡು ಊರು ಸುತ್ತುವವರು. ಸರ್ಕಸ್ಸು, ಸೀರೆ ಸೇಲು, ನೀರು ಬರದ ದಿನ, ಎಲ್ಲವನ್ನೂ ಕೂಗುತ್ತಿದ್ದರು. ಹೆಚ್ಚಾಗಿ ಹೆಸರು ಮಾಡಿದ್ದು ಕಳೆದುಹೋದ ಮಕ್ಕಳನ್ನು ಕೂಗಿ ಹುಡುಕಿಸುವುದರಲ್ಲಿ. ಅವರ ದನಿ ಬೀದಿಗೆ ಬಂದರೆ ತಾಯಂದಿರು ಮೊದಲು ತಮ್ಮ ಮಕ್ಕಳು ಎಲ್ಲಿದ್ದಾರೆ ಅಂತ ನೋಡಿಕೊಳ್ಳುತ್ತಿದ್ದರು.

ಇರಂ ಬರೆದುಕೊಂಡು ಹೋಗಿದ್ದ ಹಾಳೆಯನ್ನು ಅವರು ಗಟ್ಟಿಯಾಗಿ ಓದಿದರು. "'ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾನಿನಲ್ಲಿರುವ ಅಪಾಯದಂಚಿನ ಕಾಡುಪಾಪಗಳ ಆವಾಸಸ್ಥಾನದ ಸಂರಕ್ಷಣೆಗಾಗಿ...' ಯಾ ಅಲ್ಲಾ! ಇಷ್ಟು ಹೇಳೋದ್ರೊಳಗೆ ಆಟೋ ಒಂದು ಬೀದಿ ದಾಟಿರುತ್ತೆ ಬೇಟಾ. ಮೊದಲ್ನೇ ಮನೆಯೋರಿಗೆ ಪಶ್ಚಿಮ ಘಟ್ಟ, ಕೊನೇ ಮನೆಯೋರಿಗೆ ಸಂರಕ್ಷಣೆ. ಮಧ್ಯದೋರಿಗೆ ಬರೀ ಹೊಗೆ."

"ಮಾಮು, ಒಂದಕ್ಷರ ಬದಲಾಯಿಸ್ಬೇಡಿ."

"ನೀನು ಪಾಠ ಮಾಡು. ಕೂಗೋದು ನಂಗೆ ಬಿಡು."

ಬುಧವಾರ ಮಂಟಪದ ಮುಂದಿನ ಸಾಲುಗಳಲ್ಲಿ ಒಂದೇ ಬಣ್ಣದ ಟೋಪಿ ಹಾಕಿದ ಗಂಡಸರು ಕೂತಿದ್ದರು. ಎಲ್ಲಿಂದಲೋ ಟೆಂಪೋದಲ್ಲಿ ಬಂದವರು, ಯಾವ ಊರಿನ ಸಭೆ ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಅವರ ಹಿಂದೆ ಕುರ್ಚಿಗಳು, ಕುರ್ಚಿಗಳು, ಬರೀ ಕುರ್ಚಿಗಳು. ವೇದಿಕೆಯ ಮೇಲೆ ಅಧಿಕಾರಿ. ಪಕ್ಕದಲ್ಲಿ ವಿಡಿಯೋ ಕ್ಯಾಮೆರಾ. ಇಂಥ ಸಭೆಯ ಪ್ರತಿ ಮಾತೂ ದಾಖಲಾಗಬೇಕು ಅನ್ನುವುದು ಕಾನೂನು. ಕಂಪನಿಯ ಪರವಾಗಿ ಕೊಟ್ರಬಸಪ್ಪ ಮೈಕು ಹಿಡಿದರು. ಇಸ್ತ್ರಿ ಹಾಕಿದ ಬಿಳಿ ಶರಟು, ಇಸ್ತ್ರಿ ಹಾಕಿದಂಥದೇ ನಗು.

"ನಮ್ಮ ತಜ್ಞರು ಕೂಲಂಕಷವಾಗಿ ಪರಿಶೀಲಿಸಿದ್ದಾರೆ. ಸದರಿ ಜಾಗದಲ್ಲಿ ಯಾವುದೇ ಅಪರೂಪದ ವನ್ಯಜೀವಿ ಇರುವುದಿಲ್ಲ. ಬರೀ ಗಿಡಗಂಟಿ, ಬಂಡೆ."

ಇರಂ ಉಗುರು ಕಚ್ಚುತ್ತಿದ್ದಳು. ಅಧಿಕಾರಿ ಗಡಿಯಾರ ನೋಡಿದರು. "ಆಕ್ಷೇಪಣೆ ಇರೋರು ಯಾರಾದ್ರೂ..."

ಹೊರಗೆ ಗದ್ದಲವೆದ್ದಿತು. ಮೊದಲು ಚಪ್ಪಲಿಗಳ ಸದ್ದು, ಆಮೇಲೆ ಬಾಗಿಲನ್ನೇ ಕಿತ್ತು ತರುವ ಹಾಗೆ ಜನ. ಫ್ಯಾಕ್ಟರಿ ಕ್ವಾರ್ಟರ್ಸಿನ ಹೆಂಗಸರು, ಬುರ್ಖಾ ತೊಟ್ಟವರು, ಗ್ಯಾರೇಜಿನಿಂದ ಎದ್ದುಬಂದ ಎಣ್ಣೆಗೈಯವರು. ಒಬ್ಬಳ ಕೈಯಲ್ಲಿ ಹಾಲಿನ ಫ್ಲಾಸ್ಕು. ಒಬ್ಬನ ಹೆಗಲಲ್ಲಿ ಹಗ್ಗ. ಎಲ್ಲರಿಗಿಂತ ಮುಂದೆ, ಕಂಕುಳಲ್ಲಿ ಎಳೆಗೂಸಿನ ಕಂಬಳಿ ಇಟ್ಟುಕೊಂಡ ಯಲ್ಲಮ್ಮ. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ರಿಟೈರಾದವರು, ಬೀದಿಯ ಜಗಳಕ್ಕೆಲ್ಲ ಅವರದೇ ತೀರ್ಪು.

"ಪಾಪ ಎಲ್ಲಿ?" ಅಂದರು ಯಲ್ಲಮ್ಮ.

ಅಧಿಕಾರಿ ಕನ್ನಡಕ ತೆಗೆದರು. "ಯಾವ ಪಾಪ?"

"ಯಾವ ಪಾಪ ಅಂತಾನೆ ನೋಡ್ರೇ! ಕಾನಲ್ಲಿ ಪಾಪ ಇದ್ಯಂತೆ, ಇವರು ಬಂಡೆಗೆ ಸಿಡಿಮದ್ದು ಇಡ್ತಾರಂತೆ. ಹೆತ್ತೋರಿಗೆ ಹುಟ್ಟಿದೋರಾ ನೀವು?"

ಹಾಲೇಶ್ ಇರಂ ಕಡೆ ತಿರುಗಿದ. "ಮಾರಾಯ್ತಿ, ನಿಮ್ಮ ಮಾಮು ಏನು ಕೂಗಿದ್ದಾರೆ?"

ಮಾಮು ಜನರ ಹಿಂದೆಯೇ ಎದೆಯುಬ್ಬಿಸಿ ಬಂದರು. "ನೀನು ಹೇಳಿದ್ದನ್ನೇ ಚಿಕ್ಕದು ಮಾಡ್ದೆ ಬೇಟಾ. 'ಕಾನಲ್ಲಿರೋ ಪಾಪನ್ನ ಉಳಿಸಿ, ಸಿಡಿಮದ್ದು ತಡೀರಿ, ಮಂಟಪಕ್ಕೆ ಬನ್ನಿ.' ತಮಿಳರ ಬೀದೀಲಿ ಪಾಪ್ಪಾ. ನಮ್ಮ ಮೊಹಲ್ಲಾದಲ್ಲಿ ಜಂಗಲ್ ಕೆ ಬಚ್ಚೆ ಕೋ ಬಚಾವ್. ಕಾನು ಅಂದ್ಮೇಲೆ ಮತ್ತೆ ಕಾಡು ಯಾಕೆ ಅಂತ ಕಾಡು ಒಂದು ತೆಗೆದೆ."

"ಕಾಡು ತೆಗೆಯೋಕೆ ಕಂಪನಿಯೋರು ಇದ್ರಲ್ಲ ಮಾಮು, ನೀವ್ಯಾಕೆ!" ಅಂದ ಹಾಲೇಶ್. ಆಮೇಲೆ ಮಂಟಪದತ್ತ ನೋಡಿ ದನಿ ತಗ್ಗಿಸಿದ. "ಇರಂ, ಸುಮ್ನಿರು. ಒಂದೇ ಒಂದು ಕುರ್ಚಿ ಖಾಲಿ ಇಲ್ಲ. ನಡೀತಿರೋದು ನಡೀಲಿ."

ಸುಮ್ಮನಿರಬಹುದಿತ್ತು. ಕಾನು ಉಳಿದೀತು. ಆದರೆ ಕಂಬಳಿ ಹಿಡಿದು ಬಂದ ಹೆಂಗಸಿಗೆ ಸುಳ್ಳು ಹೇಳಿ ಕಾಡು ಉಳಿಸಿದರೆ, ಕಂಪನಿಗೂ ತನಗೂ ಏನು ವ್ಯತ್ಯಾಸ? ಇರಂ ಎದ್ದು ಮೈಕಿನ ಹತ್ತಿರ ಹೋದಳು.

"ಅಮ್ಮಾ, ತಪ್ಪಾಗಿದೆ. ಅಲ್ಲಿರೋದು ಮನುಷ್ಯರ ಪಾಪ ಅಲ್ಲ. ಕಾಡುಪಾಪ ಅಂತ ಒಂದು ಪ್ರಾಣಿ."

ಹಗ್ಗದವನು ಹಗ್ಗವನ್ನು ಹೆಗಲಿಂದ ಇಳಿಸಿದ. ಆಮೇಲೆ ಯಲ್ಲಮ್ಮನ ದನಿ: "ಎಷ್ಟು ಕೊಟ್ರೇ ನಿಂಗೆ?"

"ಅಮ್ಮಾ?"

"ನಿನ್ನೆವರೆಗೂ ಪಾಪ ಇತ್ತು, ಈಗ ಪ್ರಾಣಿ ಆಯ್ತಾ? ಇವರು ನಿನ್ನ ಬಾಯಿ ಮುಚ್ಚಿಸಿದ್ರಾ?"

ಜನ ಇರಂಳನ್ನು ಬಿಟ್ಟು ವೇದಿಕೆಗೇ ನುಗ್ಗಿದರು. ಮಗು ಮುಚ್ಚಿಡ್ತೀರಾ, ಎಲ್ಲಿಟ್ಟಿದ್ದೀರಾ, ತೋರಿಸ್ರೋ! ಬಂದೋಬಸ್ತಿಗಿದ್ದ ಪೊಲೀಸನೂ ಟೋಪಿ ಸರಿಮಾಡಿಕೊಂಡು, "ಏನ್ ಸಾರ್, ಮಗು ವಿಷಯ ಏನು?" ಅಂದ. ಕೊಟ್ರಬಸಪ್ಪನವರ ಶರಟಿನ ಇಸ್ತ್ರಿ ಮುದುಡಿತು. ಬಣ್ಣದ ಟೋಪಿಯವರಲ್ಲಿ ಅರ್ಧ ಜನ ಟೋಪಿ ಕಿಸೆಗೆ ಹಾಕಿಕೊಂಡು ಹಿಂದಿನ ಬಾಗಿಲು ಹುಡುಕುತ್ತಿದ್ದರು.

"ಅಯ್ಯೋ, ಮಗು ಅಲ್ರೀ!" ಕೊಟ್ರಬಸಪ್ಪ ಮೈಕಿಗೇ ಜೋತುಬಿದ್ದರು. "ಆ ಹುಡುಗಿ ಹೇಳ್ತಿರೋದು ನಿಜ. ಕಾಡುಪಾಪನೇ! ನಮ್ಮ ಶೆಡ್ಡಿನ ಪಕ್ಕದ ಮರದಲ್ಲೇ ಇರುತ್ತೆ. ಅಲ್ಲಿ ಬೇಕಾದಷ್ಟಿವೆ, ನಮ್ಮ ಹುಡುಗರು ದಿನಾ ನೋಡ್ತಾರೆ. ತಾಯಾಣೆ! ಬೇಕಾದ್ರೆ ಫೋಟೋ ನೋಡಿ!"

ಮೊಬೈಲ್ ತೆಗೆದು ಜನರಿಗೆ ತೋರಿಸಿದರು, ಪೊಲೀಸನಿಗೆ ತೋರಿಸಿದರು, ಯಾರೂ ಕೇಳದಿದ್ದರೂ ಕ್ಯಾಮೆರಾಕ್ಕೂ ತೋರಿಸಿದರು.

ಮೊದಲು ನಕ್ಕವನು ಹಾಲೇಶ್. ಇರಂ ನಗಲಿಲ್ಲ.

"ಸರ್," ಅಂದಳು ಅಧಿಕಾರಿಗೆ. "ಅಪರೂಪದ ವನ್ಯಜೀವಿ ಯಾವುದೂ ಇಲ್ಲ ಅಂತ ಈಗ ತಾನೆ ಇವರೇ ಓದಿದ್ರು. ಬೇಕಾದಷ್ಟಿವೆ ಅಂತಾನೂ ಇವರೇ ಆಣೆ ಇಟ್ರು. ಹುಲಿಗೆ ಇರೋ ರಕ್ಷಣೆನೇ ಕಾನೂನಿನಲ್ಲಿ ಕಾಡುಪಾಪಕ್ಕೂ ಇದೆ. ಎರಡು ಮಾತೂ ದಾಖಲಾಗ್ಲಿ."

ಕೊಟ್ರಬಸಪ್ಪ ಫೋನನ್ನು ಕಿಸೆಗೆ ತುರುಕಿಕೊಂಡರು. ತಡವಾಗಿತ್ತು.

ಆದರೆ ಹೆಂಗಸರು ಹೊರಟು ನಿಂತಿದ್ದರು. ಫ್ಲಾಸ್ಕಿನವಳು, "ಒಂದು ಪ್ರಾಣಿಗೆ ಇಷ್ಟು ದೂರ ಓಡಿಸಿದ್ರಲ್ಲ," ಅಂತ ಗೊಣಗಿದಳು. ಇವರು ಎದ್ದುಹೋದರೆ ಮತ್ತೆ ಅದೇ ಕುರ್ಚಿಗಳು, ಮತ್ತೆ ಅದೇ "ಆಕ್ಷೇಪಣೆ ಇಲ್ಲ". ಇರಂ ಯಲ್ಲಮ್ಮನ ಎದುರು ಬಂದು ನಿಂತಳು.

"ಅಮ್ಮಾ, ಒಂದು ಮಾತು ಕೇಳಿ ಹೋಗಿ. ಅದು ಹೊಟ್ಟೆಪಾಡಿಗೆ ಹೋಗುವಾಗ ಮರೀನ ಒಂದು ಕೊಂಬೆಗೆ ಕೂರಿಸಿ ಹೋಗುತ್ತೆ. ಮರಿ ಕೊಂಬೆ ಹಿಡ್ಕೊಂಡು ಕಾಯ್ತಿರುತ್ತೆ. ಹುಳ ಹುಪ್ಪಟೆ ತಿಂದು ಬಂದು ಎತ್ಕೊಳ್ಳುತ್ತೆ."

ಯಲ್ಲಮ್ಮ ಕಂಬಳಿಯನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಿಸಿದರು. "ಇಟ್ಟಿಗೆ ಗೂಡಲ್ಲಿ ಮಣ್ಣು ಹೊರುವಾಗ ನಾನೂ ಮರಕ್ಕೇ ಜೋಲಿ ಕಟ್ಟಿದ್ದು," ಅಂದರು. ಯಾರಿಗೂ ಅಲ್ಲ, ತಮಗೇ. ಆಮೇಲೆ ಕೊಟ್ರಬಸಪ್ಪನವರ ಕೈಯಿಂದ ಮೈಕು ಕಿತ್ತುಕೊಂಡರು.

"ಬರ್ಕೋ ಸ್ವಾಮಿ. ಅದಕ್ಕೆ ಪಾಪ ಅಂತ ಹೆಸರಿಟ್ಟೋರು ಯಾರು? ಹುಲಿ ಇಟ್ಟಿತಾ? ಜನ ಇಟ್ಟಿದ್ದು. ಪಾಪ ಅಂತ ಬಾಯ್ತುಂಬಾ ಕರೆದ ಮೇಲೆ ಸಾಕೋ ಜವಾಬ್ದಾರಿನೂ ಜನರದ್ದೇ. ಜೋಲಿ ಕಟ್ಟಿದ ಮರಕ್ಕೆ ಮದ್ದು ಇಡೋಕೆ ನಾನು ಬಿಡಲ್ಲ. ನನ್ನ ಹೆಸರು ಯಲ್ಲಮ್ಮ, ಭದ್ರಾವತಿ. ನಂದು ಆಕ್ಷೇಪಣೆ ಇದೆ!"

ಹಿಂದಿನಿಂದ ಇನ್ನೊಂದು ದನಿ: "ನಂದೂ ಇದೆ." ಮೂಲೆಯಿಂದ, "ನಂದೂ!" ತಮಿಳಿನಲ್ಲಿ, ತೆಲುಗಿನಲ್ಲಿ, ದಖ್ಖನಿಯಲ್ಲಿ. ಮೈಕಿಗೆ ಸಾಲು ಹತ್ತಿತು. ಸಾಲು ಬಾಗಿಲು ದಾಟಿ ರಸ್ತೆಗೆ ಹೋಯಿತು. ಹಯಾತ್ ಮಾಮು ಅದರ ಉದ್ದಕ್ಕೂ ಓಡಾಡುತ್ತ, "ಹೆಸರು ಗಟ್ಟಿಯಾಗಿ ಹೇಳಿ, ಊರು ಗಟ್ಟಿಯಾಗಿ ಹೇಳಿ," ಅಂತ ತಿದ್ದುತ್ತಿದ್ದರು. ಉಳಿದ ಟೋಪಿಯವರಲ್ಲಿ ಇಬ್ಬರು ಟೋಪಿ ತೆಗೆದು ಬಂದು ಸಾಲಿನಲ್ಲಿ ನಿಂತರು. ಮಧ್ಯಾಹ್ನದ ಊಟದ ಹೊತ್ತು ಕಳೆದರೂ ಅಧಿಕಾರಿ ಏಳುವ ಹಾಗಿರಲಿಲ್ಲ. ಗಡಿಯಾರ ನೋಡಿ ಸಭೆ ಮುಗಿಸಹೊರಟಿದ್ದವರಿಗೆ ಅವತ್ತು ಹೊಟ್ಟೆ ತುಂಬ ಜನ ಸಿಕ್ಕರು.

ಮಳೆಗಾಲ ಹಿಡಿಯುವ ಮೊದಲೇ ಆದೇಶ ಬಂತು. ಅನುಮತಿ ಇಲ್ಲ. ಕಂಪನಿ ಮೊದಲೇ ತಂದಿಟ್ಟಿದ್ದ ಯಂತ್ರಗಳನ್ನು ಕಟ್ಟಿಕೊಂಡು ಹೊರಡಬೇಕು.

ಅವು ಹೊರಡುವ ದಿನ ಎಲ್ಲರೂ ಕಾನು ನೋಡಲೆಂದು ಒಂದು ಬಸ್ಸು ಮಾಡಿಕೊಂಡು ಕಾನಿನ ಅಂಚಿನ ಊರಿಗೆ ಹೊರಟಿದ್ದರು. ಆಯನೂರು ದಾಟುತ್ತಲೇ ಎದುರಿಗೆ ಕ್ರಷರ್ ಹೇರಿಕೊಂಡ ಕಂಪನಿಯ ಲಾರಿ, ರಸ್ತೆಗೆ ಅಡ್ಡವಾಗಿ ಕೆಟ್ಟು ನಿಂತಿತ್ತು. ಡ್ರೈವರ್ ಚಕ್ರಕ್ಕೆ ಒರಗಿ ಕೂತು ಬೀಡಿ ಸೇದುತ್ತಿದ್ದ. ಕಂಪನಿಯವರು ಫೋನು ಎತ್ತುತ್ತಿಲ್ಲವಂತೆ.

"ಇಲ್ಲೇ ಇರ್ಲಿ ಬಿಡು, ತುಕ್ಕು ಹಿಡೀಲಿ," ಅಂದರು ಮಾಮು.

"ಇಲ್ಲಿ ಯಾಕಿರ್ಬೇಕು ಮಾಮು? ಒಂದು ಗಂಟೆನೂ ಇರ್ಬಾರ್ದು," ಅಂದ ಹಾಲೇಶ್. ತೋಳು ಮಡಿಸಿ ಇಂಜಿನ್ನಿನೊಳಗೆ ತಲೆ ತೂರಿಸಿದ. ಜನ್ಮದಲ್ಲೇ ಅಷ್ಟು ಪ್ರೀತಿಯಿಂದ ಅವನು ಯಾವ ಗಾಡಿಯನ್ನೂ ರಿಪೇರಿ ಮಾಡಿರಲಿಲ್ಲ. ತಲೆ ಹೊರಗೆ ತೆಗೆದಾಗ ಮೂಗಿನವರೆಗೆ ಗ್ರೀಸು. "ಸೆಲ್ಫು ಹೋಗಿದೆ. ತಳ್ಳಬೇಕು."

ಬಸ್ಸು ಖಾಲಿಯಾಯಿತು. ಯಲ್ಲಮ್ಮ ಸೆರಗು ಸಿಕ್ಕಿಸಿ ಲಾರಿಯ ಹಿಂದೆ ನಿಂತರು, ಪಕ್ಕದಲ್ಲಿ ಇರಂ, ಹಿಂದೆ ಇಡೀ ಭದ್ರಾವತಿ.

"ಯಾವ ಕಡೆಗೆ?" ಅಂತ ಕೇಳಿದ ಡ್ರೈವರ್.

"ಕಾನಿಗೆ ಬೆನ್ನು ಹಾಕಿ!" ಅಂದಳು ಇರಂ. "ತಳ್ಳಿ!"